ಕಾಲು ಮಿಲಿಮೀಟರಿನ ಕಥೆ: ಮೋಟಾರ್ ಸೈಕಲ್ ಚೈನು ಬೆಳೆದು ಬಂದ ದಾರಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ – ಈ ಮೂರು ಊರುಗಳ ಯಾವ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಚೈನ್ ಭಾಳ ಜಗ್ಗೇತ್ರಿ, ಎರಡು ಕೊಂಡಿ ತಗದು ಕೂಡಿಸಿ ಕೊಡ್ರಿ." ಅನುಭವಿ ಮೆಕ್ಯಾನಿಕ್ ಚೈನನ್ನೊಮ್ಮೆ, ಹಿಂದಿನ ಹಲ್ಲುಗಾಲಿಯನ್ನೊಮ್ಮೆ ನೋಡಿ, "ಕೊಂಡಿ ತಗದರ ಉಪಯೋಗಿಲ್ರಿ, ಸೆಟ್ಟ ಹಾಕಬೇಕು" ಎನ್ನುತ್ತಾನೆ. ಸೆಟ್ಟು ಎಂದರೆ ಒಂದು ಚೈನು, ಮುಂದಿನ ಚಿಕ್ಕ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್, ಹೀಗೆ ಮೂರು ವಸ್ತು. ಸಡಿಲಾದದ್ದು ಒಂದು, ಕೊಳ್ಳಬೇಕಾದದ್ದು ಮೂರು! ಗಿರಾಕಿಗೆ ಅನುಮಾನ ಬರುವುದು ಸಹಜ.

ಇಲ್ಲಿ ಯಾರ ಮಾತು ಸರಿ? ಉಕ್ಕಿನ ಚೈನು ನಿಜವಾಗಿಯೂ ಹಿಗ್ಗುತ್ತದೆಯೆ? ಹಿಗ್ಗಿದ್ದರೆ ಒಂದೆರಡು ಕೊಂಡಿ ಕಡಿಮೆ ಮಾಡಿದರೆ ಸಾಲದೆ? ಈ ಪ್ರಶ್ನೆಗಳಿಗೆ ಉತ್ತರ ಚೈನಿನ ಚರಿತ್ರೆಯಲ್ಲಿಯೇ ಇದೆ. ಆ ಚರಿತ್ರೆ ಚೀನಾದ ಗಡಿಯಾರ ಗೋಪುರದಿಂದ ಇಂಗ್ಲೆಂಡಿನ ಗಿರಣಿ ಊರಿಗೆ, ಅಲ್ಲಿಂದ ನಮ್ಮ ಮೈಸೂರಿನ ಕಾರ್ಖಾನೆಗೆ ಹರಿದು ಬಂದಿದೆ.

ಹಗ್ಗ, ಪಟ್ಟಿ, ಸರಪಳಿ

ಒಂದು ಕಡೆ ತಿರುಗುವ ಗಾಲಿಯಿಂದ ದೂರದ ಇನ್ನೊಂದು ಗಾಲಿಯನ್ನು ತಿರುಗಿಸುವುದು ಬಹು ಹಳೆಯ ಸಮಸ್ಯೆ. ಅದಕ್ಕೆ ಅತಿ ಸುಲಭದ ಉಪಾಯ ಹಗ್ಗ ಅಥವಾ ಪಟ್ಟಿ. ನಮ್ಮ ಅಜ್ಜಿಯರ ನೂಲುವ ರಾಟೆಯಲ್ಲಿ ದೊಡ್ಡ ಚಕ್ರದಿಂದ ಕದಿರಿಗೆ ಹೋಗುವುದು ಒಂದು ದಾರವಷ್ಟೆ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಕಲ್ಲಿಗೆ ಹೋಗುವುದು ಅಗಲವಾದ ಪಟ್ಟಿ. ಈ ಎರಡರಲ್ಲಿಯೂ ಕೆಲಸ ಮಾಡುವುದು ಘರ್ಷಣೆ. ಕಾಳು ಹೆಚ್ಚು ಸುರಿದಾಗ ಪಟ್ಟಿ ಕಿರುಗುಟ್ಟಿ ಜಾರುತ್ತದೆ. ಆಗ ಗಿರಣಿಯವರು ಅದಕ್ಕೆ ರಾಳ ಹಚ್ಚಿ ಹಿಡಿತ ಹೆಚ್ಚಿಸುತ್ತಾರೆ. ಘರ್ಷಣೆಯ ಮಿತಿ ದಾಟಿದರೆ ಪಟ್ಟಿ ಜಾರಲೇಬೇಕು.

ಸರಪಳಿ ಜಾರುವುದಿಲ್ಲ. ಅದರ ಕೊಂಡಿಗಳ ನಡುವಿನ ಜಾಗದಲ್ಲಿ ಗಾಲಿಯ ಹಲ್ಲು ಕುಳಿತು ಎಳೆಯುತ್ತದೆ. ಇಲ್ಲಿ ಬಲ ಸಾಗಿಸುವುದು ಘರ್ಷಣೆಯಲ್ಲ, ಆಕಾರ. 11ನೇ ಶತಮಾನದ ಕೊನೆಯಲ್ಲಿ ಚೀನಾದ ಕೈಫೆಂಗ್ ನಗರದಲ್ಲಿ ಸು ಸಾಂಗ್ ಎಂಬ ವಿದ್ವಾಂಸ ಕಟ್ಟಿಸಿದ ಜಲ ಗಡಿಯಾರ ಗೋಪುರದಲ್ಲಿ, ಮೇಲಿನ ಖಗೋಳ ಯಂತ್ರವನ್ನು ತಿರುಗಿಸಲು ಕೊನೆಯಿಲ್ಲದ ಸರಪಳಿಯೊಂದನ್ನು ಬಳಸಿದ್ದರು. 15ನೇ ಶತಮಾನದ ಕೊನೆಯ ಹೊತ್ತಿಗೆ ಲಿಯನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇಂದಿನ ಚೈನನ್ನು ನೆನಪಿಸುವ ಸರಪಳಿಗಳ ಚಿತ್ರ ಬರೆದಿದ್ದ. 1829ರಲ್ಲಿ ಫ್ರಾನ್ಸಿನ ಗಾಲ್ ಎಂಬಾತ ಚಪ್ಪಟೆ ಪಟ್ಟಿಗಳನ್ನು ಪಿನ್ನುಗಳಿಂದ ಜೋಡಿಸಿದ ಸರಪಳಿಗೆ ಪೇಟೆಂಟ್ ಪಡೆದ.

ಇಷ್ಟೆಲ್ಲ ಇದ್ದರೂ ವೇಗವಾಗಿ ತಿರುಗುವ ಯಂತ್ರಗಳಿಗೆ ಸರಪಳಿ ಒಗ್ಗಲಿಲ್ಲ. ಕಾರಣ ಒಂದೇ: ಅದು ಬೇಗ ಸವೆಯುತ್ತಿತ್ತು.

ಬುಷ್ ಎಂಬ ಪುಟ್ಟ ಕೊಳವೆ

ಚೈನು ಹಲ್ಲುಗಾಲಿಯ ಮೇಲೆ ಹತ್ತುವಾಗ ಪ್ರತಿ ಕೀಲು ಸ್ವಲ್ಪ ಮಡಚಿಕೊಳ್ಳುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. ಹೀಗೆ ಮಡಚುವಾಗಲೆಲ್ಲ ಪಿನ್ನು ತನ್ನ ರಂಧ್ರದಲ್ಲಿ ತಿಕ್ಕುತ್ತದೆ. ಹಳೆಯ ಸರಪಳಿಗಳಲ್ಲಿ ಈ ತಿಕ್ಕಾಟ ನಡೆಯುತ್ತಿದ್ದುದು ತೆಳ್ಳಗಿನ ಪಟ್ಟಿಯ ಅಂಚಿನ ಮೇಲೆ. 1864ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಲೇಟರ್ ಪಿನ್ನುಗಳ ಮೇಲೆ ಉರುಳೆಗಳನ್ನು ಏರಿಸಿದ ಸರಪಳಿ ತಯಾರಿಸಿದ. ಇದರಿಂದ ಹಲ್ಲಿನ ಸವೆತ ಕಡಿಮೆಯಾಯಿತು. ಪಟ್ಟಿ ಮತ್ತು ಪಿನ್ನಿನ ನಡುವಿನ ಸವೆತ ಹಾಗೆಯೇ ಉಳಿಯಿತು.

ಈ ತೊಡಕನ್ನು ಬಿಡಿಸಿದವನು ಹ್ಯಾನ್ಸ್ ರೆನಾಲ್ಡ್. 1852ರಲ್ಲಿ ಸ್ವಿಟ್ಜರ್ಲೆಂಡಿನ ಆರೌ ಎಂಬಲ್ಲಿ ಹುಟ್ಟಿದ ಈತ 1873ರಲ್ಲಿ ಮ್ಯಾಂಚೆಸ್ಟರಿಗೆ ಬಂದ. ಬಟ್ಟೆ ಗಿರಣಿಗಳ ಯಂತ್ರಗಳಿಗೆ ಸರಪಳಿ ಮಾಡಿಕೊಡುತ್ತಿದ್ದ ಸ್ಲೇಟರನ ಸಣ್ಣ ಕಾರ್ಖಾನೆಯನ್ನು 1879ರಲ್ಲಿ ಕೊಂಡ. ಮರುವರ್ಷ, 1880ರಲ್ಲಿ, ಬುಷ್ ಇರುವ ರೋಲರ್ ಚೈನಿಗೆ ಪೇಟೆಂಟ್ ಪಡೆದ. ಒಳಗಿನ ಎರಡು ಪಟ್ಟಿಗಳ ನಡುವೆ ಆತ ಒಂದು ಪುಟ್ಟ ಕೊಳವೆಯನ್ನು ಬಿಗಿದ. ಅದೇ ಬುಷ್. ಅದರೊಳಗೆ ಪಿನ್ನು ತಿರುಗುತ್ತದೆ, ಅದರ ಹೊರಗೆ ರೋಲರ್ ತಿರುಗುತ್ತದೆ.

ಈ ಕೊಳವೆಯಿಂದ ಏನಾಯಿತು? ನಮ್ಮ 100 ಸಿಸಿ ಬೈಕುಗಳಲ್ಲಿ ಬರುವ ಅಳತೆಯ ಚೈನನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಪಿನ್ನಿನ ವ್ಯಾಸ ಸುಮಾರು 4.5 ಮಿ.ಮೀ. ಬುಷ್ ಇಲ್ಲದಿದ್ದರೆ ಭಾರ ಬೀಳುವುದು ಸುಮಾರು 1.6 ಮಿ.ಮೀ. ದಪ್ಪದ ಎರಡು ಪಟ್ಟಿಗಳ ಮೇಲೆ. ಒಟ್ಟು ಕ್ಷೇತ್ರ 4.5 × 3.2, ಅಂದರೆ ಸುಮಾರು 14 ಚದರ ಮಿ.ಮೀ. ಬುಷ್ ಇದ್ದಾಗ ಸುಮಾರು 11 ಮಿ.ಮೀ. ಉದ್ದಕ್ಕೂ ಭಾರ ಹಂಚಿಹೋಗುತ್ತದೆ. ಕ್ಷೇತ್ರ 4.5 × 11, ಸುಮಾರು 50 ಚದರ ಮಿ.ಮೀ. ಒತ್ತಡ ಮೂರೂವರೆ ಪಟ್ಟು ಕಡಿಮೆ! ಅಷ್ಟೇ ಉಕ್ಕು, ಅಷ್ಟೇ ಎಳೆತ. ತಿಕ್ಕುವ ಜಾಗ ಮಾತ್ರ ಅಗಲವಾಯಿತು. ಇಂದಿಗೂ ನಮ್ಮ ಬೈಕುಗಳ ಚೈನು ಮೂಲತಃ 1880ರ ಆ ರಚನೆಯೇ.

ಸೈಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ

ರೆನಾಲ್ಡನ ಚೈನು ಸರಿಯಾದ ಕಾಲಕ್ಕೆ ಬಂದಿತು. ಆಗ ಚಾಲ್ತಿಯಲ್ಲಿದ್ದುದು ಮುಂದೆ ಭಾರಿ ಚಕ್ರ, ಹಿಂದೆ ಪುಟ್ಟ ಚಕ್ರದ ಸೈಕಲ್ಲು. ಅದರಲ್ಲಿ ಪೆಡಲು ನೇರವಾಗಿ ಮುಂದಿನ ಚಕ್ರಕ್ಕೇ ಇರುತ್ತಿತ್ತು. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಸವಾರ ಅಷ್ಟೆತ್ತರದಲ್ಲಿ ಕೂರಬೇಕು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತನ್ನ ರೋವರ್ ಸೈಕಲ್ಲಿನಲ್ಲಿ ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸಿದ. ಪೆಡಲಿನ ಹಲ್ಲುಗಾಲಿಯಲ್ಲಿ ಹಲ್ಲು ಹೆಚ್ಚು, ಚಕ್ರದ ಹಲ್ಲುಗಾಲಿಯಲ್ಲಿ ಕಡಿಮೆ. ಚಕ್ರ ಚಿಕ್ಕದಾದರೂ ವೇಗ ಸಿಕ್ಕಿತು. ಇಂದು ನಾವು ನೋಡುವ ಸೈಕಲ್ಲು ಹುಟ್ಟಿದ್ದು ಹೀಗೆ.

ಅದೇ 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಎರಡು ಚಕ್ರದ ಗಾಡಿಗೆ ಪೆಟ್ರೋಲ್ ಎಂಜಿನ್ ಕೂಡಿಸಿದ. ಅದರಲ್ಲಿದ್ದುದು ಪಟ್ಟಿ. ಮುಂದಿನ ಮೂವತ್ತು ವರ್ಷ ಬಹುಪಾಲು ಮೋಟಾರ್ ಸೈಕಲ್ಲುಗಳು ಪಟ್ಟಿಯನ್ನೇ ನೆಚ್ಚಿಕೊಂಡಿದ್ದವು. ಎಂಜಿನ್ನಿನ ಹೊಡೆತವನ್ನು ಪಟ್ಟಿ ಮೃದುವಾಗಿ ತಾಳಿಕೊಳ್ಳುತ್ತಿತ್ತು, ಅಗ್ಗವೂ ಆಗಿತ್ತು. ಮಳೆ ಬಂದರೆ ಮಾತ್ರ ಜಾರುತ್ತಿತ್ತು. ಅಮೆರಿಕದ ಇಂಡಿಯನ್ ಕಂಪನಿ 1901ರಿಂದಲೇ ಚೈನು ಹಾಕಿತು. ಬ್ರಿಟನ್ನಿನ ಟ್ರಯಂಫ್ ಕಂಪನಿ ಮೊದಲ ಮಹಾಯುದ್ಧಕ್ಕೆಂದು 1915ರಲ್ಲಿ ಹೊರತಂದ 'ಮಾಡೆಲ್ ಹೆಚ್' ಬೈಕಿನಲ್ಲಿ ಎಂಜಿನ್ನಿನಿಂದ ಗೇರ್ ಪೆಟ್ಟಿಗೆಗೆ ಚೈನು, ಗೇರ್ ಪೆಟ್ಟಿಗೆಯಿಂದ ಚಕ್ರಕ್ಕೆ ಪಟ್ಟಿ. ಅರ್ಧ ಹಳತು, ಅರ್ಧ ಹೊಸತು! ಮುಂದಿನ ದಶಕದಲ್ಲಿ ಎಂಜಿನ್ನುಗಳ ಶಕ್ತಿ ಹೆಚ್ಚಿದಂತೆ ಪಟ್ಟಿ ಮರೆಯಾಗಿ ಚೈನು ನೆಲೆಯೂರಿತು.

ಮೈಸೂರಿನ ಮುಚ್ಚಿದ ಚೈನು

ಕರ್ನಾಟಕದಲ್ಲಿ ಈ ಕಥೆಗೆ ತನ್ನದೇ ಒಂದು ಅಧ್ಯಾಯವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯೊಂದಿಗೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿತು. ಸ್ಥಾಪಕರು ರುಸ್ತುಂ ಇರಾನಿ. ಮೊದಲು ಬಂದದ್ದು 250 ಸಿಸಿಯ ಜಾವಾ. 1973ರಿಂದ 'ಎಜ್ಡಿ' ಎಂಬ ಹೆಸರು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತಾದರೂ ಗಾಡಿಗಳು ತಯಾರಾಗುವುದು ಈಗ ಮೈಸೂರಿನಲ್ಲಲ್ಲ.

ಜಾವಾದಲ್ಲಿ ಎರಡು ಚೈನುಗಳಿದ್ದವು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು ಎಂಜಿನ್ನಿನ ಮುಚ್ಚಳದೊಳಗೆ, ಎಣ್ಣೆಯಲ್ಲಿ ಮಿಂದೇ ಇರುತ್ತಿತ್ತು. ಗೇರ್ ಪೆಟ್ಟಿಗೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನಿಗೆ ಸುತ್ತಲೂ ತಗಡಿನ ಕವಚ. ಹಿಂದಿನ ಚಕ್ರವನ್ನು ಬಿಚ್ಚಿದರೂ ಸ್ಪ್ರಾಕೆಟ್ ಮತ್ತು ಚೈನು ತಮ್ಮ ಜಾಗದಲ್ಲಿಯೇ ಉಳಿಯುವಂಥ ಜೋಡಣೆ ಅದು. ಪಂಕ್ಚರ್ ಆದಾಗ ಚೈನಿನ ಗೊಡವೆಯಿಲ್ಲದೆ ಚಕ್ರ ತೆಗೆಯಬಹುದಿತ್ತು. ಧೂಳು ಒಳಗೆ ಹೋಗದಂತೆ, ಎಣ್ಣೆ ಹೊರಗೆ ಚೆಲ್ಲದಂತೆ, ಸವಾರನ ಪಂಚೆಯಾಗಲಿ ಹಿಂದೆ ಕುಳಿತವರ ಸೀರೆಯಾಗಲಿ ಸಿಕ್ಕದಂತೆ ಕವಚ ಕಾಯುತ್ತಿತ್ತು.

1984ರಲ್ಲಿ ಸ್ಥಾಪನೆಯಾದ ಹೀರೋ ಹೋಂಡಾ ಕಂಪನಿ 1985ರಲ್ಲಿ ತಂದ ಸಿ.ಡಿ. 100 ಬೈಕಿನಲ್ಲಿಯೂ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿತ್ತು. 1994ರ ಸ್ಪ್ಲೆಂಡರಿನಲ್ಲಿಯೂ ಅದೇ ಕ್ರಮ. ನಮ್ಮ ರಸ್ತೆ, ನಮ್ಮ ಉಡುಪು ಎರಡಕ್ಕೂ ಹೊಂದುವ ವಿನ್ಯಾಸ ಇದು. ಉಡುಪಿನ ಮಾತು ಕಾನೂನಿಗೂ ಬಂದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ, ಹಿಂಬದಿ ಕುಳಿತವರ ಬಟ್ಟೆ ಸಿಕ್ಕದಿರಲೆಂದು ಹಿಂದಿನ ಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು. ಅಂದಕ್ಕೆಂದು ಸೀರೆಗಾರ್ಡ್ ಕಿತ್ತು ಹಾಕುವವರು ಇದನ್ನು ನೆನಪಿಡಬೇಕು.

2000ದ ದಶಕದಲ್ಲಿ ಶಕ್ತಿಶಾಲಿ ಬೈಕುಗಳು ಬಂದಾಗ ಕವಚ ಮಾಯವಾಗಿ ಚೈನು ಬಯಲಿಗೆ ಬಂತು. ಅದರ ಬದಲು ಪ್ರತಿ ಕೀಲಿನಲ್ಲಿ ಒಳಪಟ್ಟಿ ಮತ್ತು ಹೊರಪಟ್ಟಿಗಳ ನಡುವೆ ಪುಟ್ಟ ರಬ್ಬರ್ ಉಂಗುರಗಳು ಬಂದವು. ಇವೇ ಓ-ರಿಂಗ್‌ಗಳು. ಪಿನ್ನು ಮತ್ತು ಬುಷ್ಷಿನ ನಡುವೆ ಕಾರ್ಖಾನೆಯಲ್ಲಿಯೇ ತುಂಬಿದ ಗ್ರೀಸನ್ನು ಇವು ಹಿಡಿದಿಡುತ್ತವೆ, ಧೂಳನ್ನು ತಡೆಯುತ್ತವೆ. ಇಡೀ ಚೈನಿಗೆ ಇದ್ದ ಒಂದು ದೊಡ್ಡ ಕವಚದ ಕೆಲಸವನ್ನು ಒಂದೊಂದು ಕೀಲಿಗೂ ಇರುವ ಸಣ್ಣ ಕವಚಗಳು ವಹಿಸಿಕೊಂಡವು.

ಎರೆಮಣ್ಣು, ಮಸಾರಿ, ಮರಳು

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡಿತು. ಇಲ್ಲಿ ಎರೆ ಭೂಮಿ, ಮಸಾರಿ ಭೂಮಿ ಎರಡೂ ಇವೆ. ರಾಣೆಬೆನ್ನೂರು ತಾಲ್ಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತದೆ. ಬೆಂಗಳೂರು–ಪುಣೆ ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ಹಾದು ಹೋಗುತ್ತದೆ. ಹೆದ್ದಾರಿಯಲ್ಲಿ ಧೂಳು ಕಡಿಮೆಯಾದರೂ ಹೊಲದ ದಾರಿ, ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳು ಬ್ಯಾಡಗಿ ಪೇಟೆಗೆ ಬರುವ ಹಳ್ಳಿಯ ದಾರಿ, ಮರಳು ಸಾಗಿಸುವ ನದಿಯ ದಾರಿ ಬೇರೆಯೇ.

ಚೈನಿನ ದೃಷ್ಟಿಯಿಂದ ಈ ಮಣ್ಣುಗಳ ಗುಣ ಬೇರೆ ಬೇರೆ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಅದು ನೀರು ಹೀರಿ ಉಬ್ಬುತ್ತದೆ, ಅಂಟಿಕೊಳ್ಳುತ್ತದೆ. ಕವಚವಿಲ್ಲದ ಚೈನಿಗೆ ಮೆತ್ತಿ ಒಣಗಿದಾಗ ರೋಲರುಗಳು ತಿರುಗದಂತೆ ಹಿಡಿದುಬಿಡುತ್ತದೆ. ತಿರುಗದ ರೋಲರ್ ಹಲ್ಲಿನ ಮೇಲೆ ಉರುಳುವ ಬದಲು ಉಜ್ಜುತ್ತದೆ. ಮಸಾರಿ ಮಣ್ಣಿನಲ್ಲಿ ಮತ್ತು ನದಿಯ ಮರಳಿನಲ್ಲಿ ಕ್ವಾರ್ಟ್ಸ್ ಕಣಗಳಿರುತ್ತವೆ. ಮೋಸ್ ಕಾಠಿಣ್ಯ ಮಾಪನದಲ್ಲಿ ಕ್ವಾರ್ಟ್ಸ್‌ಗೆ 7ನೇ ಸ್ಥಾನ. ಹದ ಮಾಡಿದ ಉಕ್ಕಿನ ಪಿನ್ನನ್ನೂ ಅದು ಗೀರಬಲ್ಲದು. ಎಣ್ಣೆಯೊಡನೆ ಬೆರೆತ ಸಣ್ಣ ಮರಳು ಕೀಲಿನೊಳಗೆ ಸೇರಿದರೆ ಅದು ಉಜ್ಜುವ ಮಸಾಲೆಯಂತೆ ಕೆಲಸ ಮಾಡುತ್ತದೆ. ಆದ್ದರಿಂದಲೇ ಕೊಳೆ ತೆಗೆಯದೆ ಮೇಲೆ ಮೇಲೆ ಎಣ್ಣೆ ಸುರಿಯುವುದು ಚೈನಿನ ಆರೈಕೆಯಲ್ಲ.

ಲೆಕ್ಕ ಏನು ಹೇಳುತ್ತದೆ?

ಈಗ ಗ್ಯಾರೇಜಿನ ಪ್ರಶ್ನೆಗೆ ಬರೋಣ. ಚೈನಿನ ಮೇಲೆ '428' ಎಂಬ ಸಂಖ್ಯೆ ಇರುತ್ತದೆ. ಮೊದಲ ಅಂಕಿ 4 ಎಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ 4/8 ಅಂಗುಲ, ಅಂದರೆ 12.7 ಮಿ.ಮೀ. ಈ ದೂರಕ್ಕೆ ಪಿಚ್ ಎನ್ನುತ್ತಾರೆ. ಉಳಿದ ಎರಡು ಅಂಕಿಗಳು ಒಳ ಅಗಲವನ್ನು ಸೂಚಿಸುತ್ತವೆ. ನಮ್ಮ ಉದಾಹರಣೆಗೆ 108 ಕೊಂಡಿಗಳ ಚೈನು, ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇವೆ ಎಂದಿಟ್ಟುಕೊಳ್ಳಿ. ಹಿಂದಿನ ಚಕ್ರದ ಸುತ್ತಳತೆ 1.9 ಮೀಟರ್.

ಒಂದು ಕಿಲೋಮೀಟರಿಗೆ ಚಕ್ರ ಸುಮಾರು 526 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ 42 ಕೊಂಡಿಗಳು ಹಾದು ಹೋಗುತ್ತವೆ. ಅಂದರೆ ಇಡೀ ಚೈನು ಒಂದು ಕಿಲೋಮೀಟರಿಗೆ ಸುಮಾರು 205 ಬಾರಿ ಸುತ್ತುತ್ತದೆ. ಹಾವೇರಿಯಿಂದ ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಸುಮಾರು 7,000 ಸುತ್ತು! ಪ್ರತಿ ಸುತ್ತಿನಲ್ಲಿ ಒಂದು ಕೀಲು ನಾಲ್ಕು ಬಾರಿ ಬಾಗುತ್ತದೆ: ಎರಡು ಹಲ್ಲುಗಾಲಿಗಳ ಮೇಲೆ ಹತ್ತುವಾಗ ಎರಡು ಸಲ, ಇಳಿಯುವಾಗ ಎರಡು ಸಲ. 20,000 ಕಿ.ಮೀ. ಓಡಿದ ಗಾಡಿಯಲ್ಲಿ ಒಂದೊಂದು ಕೀಲೂ 1.6 ಕೋಟಿಗೂ ಹೆಚ್ಚು ಸಲ ತಿಕ್ಕಿರುತ್ತದೆ.

ಅದೂ ಭಾರ ಹೊತ್ತು. ಎಂಜಿನ್ನಿನ ತಿರುಚು ಬಲ 8 ನ್ಯೂಟನ್-ಮೀಟರ್ ಇದೆ, ಮೊದಲ ಗೇರಿನಲ್ಲಿ ಅದು ಒಟ್ಟು 10 ಪಟ್ಟಾಗುತ್ತದೆ ಎಂದುಕೊಳ್ಳಿ. ಮುಂದಿನ ಸ್ಪ್ರಾಕೆಟ್ಟಿಗೆ 80 ನ್ಯೂಟನ್-ಮೀಟರ್ ಬರುತ್ತದೆ. ಆ ಸ್ಪ್ರಾಕೆಟ್ಟಿನ ತ್ರಿಜ್ಯ ಸುಮಾರು 28.5 ಮಿ.ಮೀ. ಭಾಗಿಸಿದರೆ ಚೈನಿನ ಎಳೆತ ಸುಮಾರು 2,800 ನ್ಯೂಟನ್. ಸುಮಾರು 285 ಕಿ.ಗ್ರಾಂ. ತೂಕವನ್ನು ತೂಗುಹಾಕಿದಷ್ಟು!

ಇಷ್ಟಾದರೂ ಪಟ್ಟಿಗಳ ಉಕ್ಕು ಹಿಗ್ಗುವುದಿಲ್ಲ. ಪಿನ್ನು ಮತ್ತು ಬುಷ್ ಸವೆದು ಕೀಲಿನಲ್ಲಿ ಸ್ವಲ್ಪ ಆಟ ಬರುತ್ತದೆ, ಅಷ್ಟೆ. ಹೊಸ ಚೈನಿನಲ್ಲಿ 20 ಪಿಚ್‌ಗಳ ಉದ್ದ 254 ಮಿ.ಮೀ. ಸವೆದು ಅದು ಸುಮಾರು 259 ಮಿ.ಮೀ. ಆದರೆ, ಅಂದರೆ ಶೇಕಡಾ 2ರಷ್ಟು ಹೆಚ್ಚಾದರೆ, ಚೈನಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. 20 ಕೀಲುಗಳಲ್ಲಿ 5 ಮಿ.ಮೀ. ಹಂಚಿದರೆ ಒಂದು ಕೀಲಿಗೆ ಕೇವಲ ಕಾಲು ಮಿಲಿಮೀಟರು. 108 ಕೊಂಡಿಗಳಲ್ಲಿ ಅದೇ ಕೂಡಿ 27 ಮಿ.ಮೀ. ಆಗುತ್ತದೆ. ಕಣ್ಣಿಗೆ ಚೈನು 'ಜಗ್ಗಿದಂತೆ' ಕಾಣುತ್ತದೆ.

ಎರಡು ಕೊಂಡಿ ತೆಗೆದರೆ 25.4 ಮಿ.ಮೀ. ಕಡಿಮೆಯಾಗಿ ಸಡಿಲು ಹೋದಂತೆ ಕಾಣುತ್ತದೆ. ಉಳಿದ 106 ಕೀಲುಗಳ ಆಟ ಎಲ್ಲಿ ಹೋಯಿತು? ಅದು ಹಾಗೆಯೇ ಇದೆ. ಹಲ್ಲುಗಳ ಅಂತರ 12.7 ಮಿ.ಮೀ.ಗೆ ಕೊರೆದದ್ದು, ಚೈನಿನ ಪಿಚ್ ಈಗ 12.95 ಮಿ.ಮೀ. ಅಳತೆ ಹೊಂದದ ಚೈನು ಹಲ್ಲುಗಳ ಬುಡದಲ್ಲಿ ಕೂರಲಾರದೆ ಮೇಲಕ್ಕೆ ಹತ್ತುತ್ತದೆ. 85 ಮಿ.ಮೀ. ತ್ರಿಜ್ಯದ ಹಿಂದಿನ ಗಾಲಿಯಲ್ಲಿ ಶೇಕಡಾ 2 ಎಂದರೆ 1.7 ಮಿ.ಮೀ. ಮೇಲೆ. ಭಾರ ಎಲ್ಲ ಹಲ್ಲುಗಳಿಗೆ ಹಂಚದೆ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಅವು ಕುಡುಗೋಲಿನ ತುದಿಯಂತೆ ಬಾಗುತ್ತವೆ. ಕೊನೆಗೊಂದು ದಿನ ಏರು ಹತ್ತುವಾಗಲೋ ಲಾರಿಯನ್ನು ಹಿಂದೆ ಹಾಕುವಾಗಲೋ ಚೈನು ಹಲ್ಲು ಹಾರುತ್ತದೆ, ಇಲ್ಲವೆ ಕಳಚುತ್ತದೆ. ಕಳಚಿದ ಚೈನು ಚಕ್ರಕ್ಕೆ ಸಿಕ್ಕಿ ಗಾಡಿ ತಟ್ಟನೆ ನಿಂತರೆ ಆಗುವ ಅಪಾಯ ಹೇಳಬೇಕಿಲ್ಲ.

ಹೊಸ ಚೈನನ್ನು ಹಳೆಯ ಹಲ್ಲುಗಳ ಮೇಲೆ ಹಾಕಿದರೂ ಇದೇ ಹೊಂದಾಣಿಕೆಯ ತೊಂದರೆ. ಬಾಗಿದ ಹಲ್ಲು ಹೊಸ ರೋಲರನ್ನು ಸಲೀಸಾಗಿ ಬಿಡುವುದಿಲ್ಲ. ಹೊಸ ಚೈನು ಬೇಗನೆ ಹಳತಾಗುತ್ತದೆ. ಮೆಕ್ಯಾನಿಕ್ ಸೆಟ್ಟು ಹಾಕಬೇಕೆಂದದ್ದು ಸರಿಯಾದ ಮಾತೇ.

ಮನೆಯಂಗಳದಲ್ಲಿ ಚೈನ್‌ಸೆಟ್ ಬದಲಾವಣೆ

ಈ ಕೆಲಸವನ್ನು ಮನೆಯಲ್ಲಿಯೂ ಮಾಡಬಹುದು. ಸೆಂಟರ್ ಸ್ಟ್ಯಾಂಡ್, ಪಾನಾಗಳ ಸೆಟ್ಟು, ಇಕ್ಕಳ, ಸ್ಕ್ರೂಡ್ರೈವರ್, ಅಳತೆಪಟ್ಟಿ ಇದ್ದರೆ ಸಾಕು. ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ.

ಮೊದಲ ಮಾತು: ಎಂಜಿನ್ ನಿಲ್ಲಿಸಿ ಕೀಲಿ ತೆಗೆದಿಡಿ. ಗೇರಿನಲ್ಲಿ ಗಾಡಿ ಓಡಿಸುತ್ತ ಚೈನು ಒರೆಸಲು ಹೋದರೆ ಬಟ್ಟೆಯೊಡನೆ ಬೆರಳೂ ಹಲ್ಲಿಗೆ ಸಿಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಮಕ್ಕಳನ್ನು ದೂರ ಇಡಿ.

ಎರಡನೆಯದು, ಹಳೆಯ ಚೈನು ಇರುವಾಗಲೇ ಹಿಂದಿನ ಬ್ರೇಕ್ ಒತ್ತಿಹಿಡಿದು ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು ಸಡಿಲಿಸಿಕೊಳ್ಳಿ. ಚೈನು ತೆಗೆದ ಮೇಲೆ ಸ್ಪ್ರಾಕೆಟ್ ಸುಮ್ಮನೆ ತಿರುಗುತ್ತದೆ, ಹಿಡಿದುಕೊಳ್ಳಲು ಆಧಾರವಿರುವುದಿಲ್ಲ.

ಮೂರನೆಯದು, ಚೈನ್ ಲಾಕ್ ಬಿಚ್ಚಿ ಹಳೆಯ ಚೈನು, ಹಿಂದಿನ ಚಕ್ರ, ಎರಡೂ ಸ್ಪ್ರಾಕೆಟ್ಟುಗಳನ್ನು ತೆಗೆಯಿರಿ. ಹಿಂದಿನ ಹಬ್ಬಿನೊಳಗಿನ ಡ್ರಮ್ ರಬ್ಬರುಗಳನ್ನು ಇದೇ ಸಮಯದಲ್ಲಿ ನೋಡಿ. ಪಟ್ಟಿ ಹೋಗಿ ಚೈನು ಬಂದಾಗ ಎಂಜಿನ್ನಿನ ಹೊಡೆತ ತಾಳುವ ಮೃದುತನವೂ ಹೋಯಿತಲ್ಲವೆ? ಆ ಕೆಲಸವನ್ನು ಈಗ ಮಾಡುವುದು ಈ ರಬ್ಬರುಗಳೇ. ಅವು ಸವೆದು ಆಡುತ್ತಿದ್ದರೆ ಬದಲಿಸಿ.

ನಾಲ್ಕನೆಯದು, ಮುಚ್ಚಿದ ಕವಚವಿರುವ ಗಾಡಿಗಳಲ್ಲಿ ಹಳೆಯ ಮೆಕ್ಯಾನಿಕ್‌ಗಳು ಬಳಸುವ ಉಪಾಯವೊಂದಿದೆ. ಎರಡೂ ಹೊಸ ಸ್ಪ್ರಾಕೆಟ್ಟುಗಳನ್ನು ಕೂಡಿಸುವವರೆಗೆ ಹಳೆಯ ಚೈನನ್ನು ಕವಚದೊಳಗೇ ಬಿಟ್ಟಿರುತ್ತಾರೆ. ಅದರ ತುದಿಗೆ ಹೊಸ ಚೈನಿನ ತುದಿಯನ್ನು ಲಾಕ್ ಹಾಕಿ ಜೋಡಿಸಿ, ಹಳೆಯದನ್ನು ಎಳೆಯುತ್ತ ಹೋದರೆ ಹೊಸದು ತಾನಾಗಿ ಒಳಗೆ ಸುತ್ತಿಕೊಂಡು ಬರುತ್ತದೆ. ಲಾಡಿಗೆ ಪಿನ್ನು ಸಿಕ್ಕಿಸಿ ತೂರಿಸಿದ ಹಾಗೆ!

ಐದನೆಯದು, ಲಾಕಿನ ಕ್ಲಿಪ್ಪು ಕೂಡಿಸುವಾಗ ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು. ಕ್ಲಿಪ್ಪನ್ನು ಮೀನು ಎಂದುಕೊಳ್ಳಿ. ಅದು ತಲೆ ಮುಂದಾಗಿ ಈಜುತ್ತಿರಬೇಕು. ಉಲ್ಟಾ ಇದ್ದರೆ ಎದುರಿಗೆ ಏನಾದರೂ ತಗುಲಿದಾಗ ಬಾಯಿ ತೆರೆದು ಹಾರಿಹೋಗಬಹುದು.

ಆರನೆಯದು, ಚಕ್ರದ ಆಕ್ಸಲ್ಲಿನ ಎರಡೂ ಬದಿಯ ಗೆರೆಗಳು ಸಮನಾಗಿರಬೇಕು. ಚಕ್ರ ಓರೆಯಾದರೆ ಹಲ್ಲಿನ ಒಂದು ಪಕ್ಕ ಸವೆಯುತ್ತದೆ. ಕೆಳಗಿನ ಎಳೆಯ ನಡುವೆ ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸಿ. 100 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ 25ರಿಂದ 30 ಮಿ.ಮೀ. ಆಟವಿರಬೇಕು. ನಿಖರ ಅಳತೆಗೆ ಗಾಡಿಯ ಕೈಪಿಡಿ ನೋಡಿ. ಚಕ್ರವನ್ನು ತಿರುಗಿಸುತ್ತ ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ತೆಗೆಯಬೇಕು. ಚೈನು ಬಿಗಿಯಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಹಿಂದಿನ ಚಕ್ರ ಹೊಂಡಕ್ಕೆ ಇಳಿದು ಏಳುವಾಗ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುತ್ತದೆ. ಆಟವಿಲ್ಲದಿದ್ದರೆ ಗೇರ್ ಪೆಟ್ಟಿಗೆಯ ಬೇರಿಂಗಿಗೆ ಪೆಟ್ಟು ಬೀಳುತ್ತದೆ.

ಕೊನೆಯದು, ಆಕ್ಸಲ್ ನಟ್ಟು, ಬ್ರೇಕ್ ಡ್ರಮ್ಮಿನ ಪಟ್ಟಿಯ ಬೋಲ್ಟು ಬಿಗಿ ಮಾಡಿ, ಪಿನ್ನು ಇದ್ದರೆ ಹೊಸದು ಹಾಕಿ. ಚಕ್ರ ಸರಿದಿರುವುದರಿಂದ ಹಿಂದಿನ ಬ್ರೇಕನ್ನು ಮತ್ತೆ ಹೊಂದಿಸಲೇಬೇಕು. ಮನೆ ಮುಂದೆ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿದ ಮೇಲೆಯೇ ರಸ್ತೆಗೆ ಇಳಿಯಿರಿ.

ಮುಂದಿನ ಆರೈಕೆ ಸುಲಭ. ಸೀಮೆಎಣ್ಣೆಯಲ್ಲಿ ನೆನೆಸಿದ ಬ್ರಷ್ಷಿನಿಂದ ಕೊಳೆ ತೆಗೆದು, ಒರೆಸಿ, ಒಳಪಟ್ಟಿ ಹೊರಪಟ್ಟಿಗಳ ಸಂದಿಗೆ ಹನಿಹನಿಯಾಗಿ ಗೇರ್ ಎಣ್ಣೆ ಬಿಡಿ. ಸವಾರಿ ಮುಗಿದು ಚೈನು ಬೆಚ್ಚಗಿರುವಾಗ ಹಾಕಿದರೆ ಎಣ್ಣೆ ಚೆನ್ನಾಗಿ ಒಳಗಿಳಿಯುತ್ತದೆ. ಓ-ರಿಂಗ್ ಚೈನಿಗೆ ಪೆಟ್ರೋಲ್ ಮುಟ್ಟಿಸಬೇಡಿ, ರಬ್ಬರ್ ಕೆಡುತ್ತದೆ.

ಮುಗಿಯದ ಕಥೆ

ಚೈನಿನ ಕಾಲ ಮುಗಿಯಿತೆಂದು ಹಿಂದೆಯೂ ಅನ್ನಿಸಿದ್ದುಂಟು. ಬಜಾಜ್ ಚೇತಕ್ ಸ್ಕೂಟರಿನಲ್ಲಿ ಎಂಜಿನ್ನು ಹಿಂದಿನ ಚಕ್ರಕ್ಕೇ ಅಂಟಿಕೊಂಡಿದ್ದರಿಂದ ಚೈನೇ ಇರಲಿಲ್ಲ. ಬೆಂಗಳೂರಿನ ಏಥರ್ ಕಂಪನಿ 2018ರಲ್ಲಿ ಮಾರಾಟಕ್ಕೆ ತಂದ ವಿದ್ಯುತ್ ಸ್ಕೂಟರಿನಲ್ಲಿ ಮತ್ತೆ ಪಟ್ಟಿ ಬಂತು. ಈ ಸಲದ್ದು ಹಲ್ಲಿರುವ ಪಟ್ಟಿ, ಜಾರುವುದಿಲ್ಲ. ಆದರೆ ಬೆಂಗಳೂರಿನದೇ ಆದ ಓಲಾ ಕಂಪನಿ 2025ರಲ್ಲಿ ತನ್ನ ಮೂರನೆಯ ಪೀಳಿಗೆಯ ವಿದ್ಯುತ್ ಸ್ಕೂಟರಿಗೆ ಚೈನನ್ನೇ ಆರಿಸಿಕೊಂಡಿತು. ಪಟ್ಟಿ ಮತ್ತು ಚೈನಿನ ನೂರು ವರ್ಷದ ಪೈಪೋಟಿ ಇನ್ನೂ ನಡೆದೇ ಇದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಗ್ಯಾರೇಜಿನಿಂದ ಒಂದು ಹಳೆಯ ಚೈನು ತಂದು ಸೀಮೆಎಣ್ಣೆಯಲ್ಲಿ ತೊಳೆದಿಟ್ಟುಕೊಳ್ಳಲಿ. ಬಿಸಾಡಿದ ಚೈನಿಗೆ ಬೆಲೆಯಿಲ್ಲ, ಪಾಠಕ್ಕೆ ಬಹಳ ಬೆಲೆಯಿದೆ.

1. ಚೈನನ್ನು ಮೇಜಿನ ಮೇಲೆ ಜಗ್ಗಿ ಹಿಡಿದು 20 ಪಿಚ್‌ಗಳ ಉದ್ದ ಅಳೆಯಿರಿ. 254ರಿಂದ ಎಷ್ಟು ಹೆಚ್ಚಿದೆ? ಒಂದು ಕೀಲಿನ ಸವೆತ ಎಷ್ಟು? ಚೈನಿನ ಬೇರೆ ಬೇರೆ ಭಾಗಗಳಲ್ಲಿ ಅಳೆದು ಸರಾಸರಿ ತೆಗೆಯಿರಿ.

2. ಒಂದು ಕೊಂಡಿಗೂ ಮುಂದಿನ ಗಾಲಿಯ ಒಂದು ಹಲ್ಲಿಗೂ ಸುಣ್ಣದ ಗುರುತು ಹಾಕಿದರೆ ಅವೆರಡೂ ಮತ್ತೆ ಎಷ್ಟು ಸುತ್ತಿಗೆ ಸೇರುತ್ತವೆ? 108 ಮತ್ತು 14ರ ಲ.ಸಾ.ಅ. 756. ಅಂದರೆ ಚೈನು 7 ಸುತ್ತು ತಿರುಗಿದಾಗ. ಹಲ್ಲು 13 ಆದರೆ 13 ಸುತ್ತು ಬೇಕು. ಸವೆತ ಸಮನಾಗಿ ಹಂಚಲು ಯಾವುದು ಮೇಲು?

3. ಗ್ಯಾರೇಜಿನಲ್ಲಿ ಹೊಸ ಮತ್ತು ಹಳೆಯ ಸ್ಪ್ರಾಕೆಟ್ಟುಗಳನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಅಂಚು ಬರೆದುಕೊಳ್ಳಿ. ಹಲ್ಲು ಯಾವ ಕಡೆ ಬಾಗಿದೆ? ಚೈನು ಎಳೆಯುವ ದಿಕ್ಕಿಗೂ ಅದಕ್ಕೂ ಸಂಬಂಧವೇನು?

ಹೀಗೆ ಅಳೆದು ನೋಡಿದ ವಿದ್ಯಾರ್ಥಿ ಮನೆಗೆ ಹೋಗಿ ಅಪ್ಪನ ಗಾಡಿಯ ಚೈನಿಗೂ ಅಳತೆಪಟ್ಟಿ ಹಿಡಿಯುತ್ತಾನೆ. 259 ದಾಟಿದ್ದರೆ "ಎರಡು ಕೊಂಡಿ ತೆಗೆಸಬೇಡಪ್ಪ" ಎಂದು ಕಾರಣಸಹಿತ ಹೇಳಬಲ್ಲ.